ರಸ್ತೆ ಅಗಲವಾಗುವುದು ಯಾರಿಗಾಗಿ?

(ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ರಸ್ತೆ ಅಗಲ ಮಾಡುತ್ತೇವೆಂದು ಯಾರಾದರೂ ಹೇಳಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾರಿಗಾಗಿ? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಕಾಲ್ನಡಿಗೆಯವರು. ಇದು ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ಇಂಥ ಸಾವನ್ನು ಹಣೆಬರಹವೆನ್ನುವುದು ಸುಲಭ. ಆದರೆ ರಸ್ತೆಯ ನಕ್ಷೆ ಬರೆಯುವವನು ಬ್ರಹ್ಮನಲ್ಲ, ಇಂಜಿನಿಯರು.

ನಕ್ಷೆ ಹೇಗಿರಬೇಕೆಂಬುದು ಗುಟ್ಟೇನಲ್ಲ. ರಸ್ತೆ ಇಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ: ಫುಟ್‌ಪಾತಿನಲ್ಲಿ ನಡೆಯುವ ಜಾಗ 1.8 ಮೀಟರಿಗೆ, ಎಂದರೆ ಸುಮಾರು ಆರಡಿಗೆ, ಕಡಮೆ ಇರಕೂಡದು. ಎತ್ತರ 15 ಸೆಂಟಿಮೀಟರ್ ಮೀರಕೂಡದು. ಹೆಚ್ಚು ಎತ್ತರವಾದರೆ ಮುದುಕರು ಹತ್ತಲಾರರು. ಹತ್ತಲಾರದವರು ಲಾರಿಯ ಮುಂದೆ ನಡೆಯುತ್ತಾರೆ. ನಮ್ಮಲ್ಲಿ ಕಾಣುವುದೇನು? ಕಂಬಕ್ಕೆ, ಟ್ರಾನ್ಸ್‌ಫಾರ್ಮರಿಗೆ, ನಿಲ್ಲಿಸಿದ ಸ್ಕೂಟರಿಗೆ ಜಾಗವಿದೆ, ಮನುಷ್ಯನಿಗಿಲ್ಲ.

ಬೆಂಗಳೂರಿನಲ್ಲಿ 2015ರ ಸುಮಾರಿಗೆ ಟೆಂಡರ್ ಶ್ಯೂರ್ ಎಂಬ ಯೋಜನೆಯಡಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮೊದಲಾದುವನ್ನು ಹೊಸದಾಗಿ ಕಟ್ಟಿದರು. ವಾಹನದ ಸಾಲುಗಳನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದು, ಮಿಕ್ಕ ಜಾಗವನ್ನು ಫುಟ್‌ಪಾತಿಗೆ ಕೊಟ್ಟರು. ಪೈಪು, ತಂತಿಗಳನ್ನು ಅದರ ಕೆಳಗೆ ಸೇರಿಸಿದರು. ರಿಪೇರಿಗೆಂದು ಪದೇ ಪದೇ ಡಾಂಬರು ಅಗೆಯುವ ಕೆಲಸ ತಪ್ಪಲಿ ಎಂದು. ಒಳ್ಳೆಯ ಕೆಲಸವೇ. ಆದರೆ ಮೊದಲ ಸರದಿ ಸಿಕ್ಕಿದ್ದು ಕಚೇರಿಗಳೂ ಕಾರುಗಳೂ ತುಂಬಿದ ನಡುಪೇಟೆಗೆ. ಗಿರಣಿಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಸರ್ಕಾರಿ ಶಾಲೆಗೆ ಹೋಗುವ ಬೀದಿಗಳ ಸರದಿ ಯಾವಾಗ?

ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಫುಟ್‌ಪಾತ್ ಬಂದರೆ ಗಿರಾಕಿ ತಪ್ಪುವನೆಂಬ ಭಯ ಬೇಡ. ಕಾರಿನಲ್ಲಿ ಓಡುವವನಿಗಿಂತ ನಡೆಯುವವನ ಕಣ್ಣಿಗೆ ನಿಮ್ಮ ಅಂಗಡಿ ಚೆನ್ನಾಗಿ ಬೀಳುತ್ತದೆ. ನಡೆಯುವವರ ಹೆಸರು ಹೇಳಿ ತಳ್ಳುಗಾಡಿಯವರನ್ನು ಎತ್ತಂಗಡಿ ಮಾಡುವುದಕ್ಕೂ ನಾವು ಒಪ್ಪೆವು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಸ್ಥಾನಕ್ಕೆ ಕಡಮೆಯಿಲ್ಲದಂತೆ ಅವರಿಗಿರಬೇಕು. ನಡೆಯುವ ಆರಡಿಯನ್ನು ಬಿಟ್ಟು, ನಕ್ಷೆಯಲ್ಲೇ ಅವರಿಗೂ ಜಾಗ ಗುರುತಿಸಲಿ.

ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಹಕ್ಕು ಕಾಗದದಿಂದ ಬೀದಿಗೆ ತಾನಾಗಿ ಇಳಿಯದು. ನಗರಸಭೆಯ ಮುಂದಿನ ಆಯವ್ಯಯಕ್ಕೆ ಮುನ್ನ ಅಳತೆಯ ಟೇಪು ಹಿಡಿದು ನಮ್ಮ ಬೀದಿಗಳನ್ನು ನಾವೇ ಅಳೆಯೋಣ. ಆರಡಿ ಇಲ್ಲದ ಕಡೆಗಳ ಪಟ್ಟಿ ಬರೆದು ವಾರ್ಡಿನ ಸದಸ್ಯರ ಮುಂದಿಡೋಣ. ಉತ್ತರ ಬರುವವರೆಗೆ ಬಿಡದಿರೋಣ.