ವರ್ಗವಾಗಿ ಬರುವ ನ್ಯಾಯಾಧೀಶರು



ಯಾವ ಊರು ಬೇಕು, ಯಾವುದು ಬೇಡ ಎಂಬ ಲೆಕ್ಕ ನ್ಯಾಯಾಧೀಶರಿಗೂ ಇದೆ. ಮಕ್ಕಳ ಶಾಲೆ, ಬಾಡಿಗೆ ಮನೆ, ದೊಡ್ಡಾಸ್ಪತ್ರೆ, ರೈಲು. ಬ್ಯಾಂಕಿನಲ್ಲಿ ನಾವೂ ಇದನ್ನೇ ಎಣಿಸುತ್ತಿದ್ದೆವು; ತಪ್ಪೆನ್ನಲಾರೆ. ತಿರುವನಂತಪುರದ ಕಡೆಯವರಿಗೆ ನಮ್ಮ ಕಾಸರಗೋಡು ರಾಜ್ಯದ ಬಡಗಣ ತುದಿ. ರಾತ್ರಿ ರೈಲು ಹತ್ತಿದರೆ ಮನೆ ಸೇರಲು ಬೆಳಗಾಗಬೇಕು. ಮುನ್ಸೀಫರನ್ನು ಎಲ್ಲಿಗೆ ಹಾಕಬೇಕೆಂಬುದು ಸಂವಿಧಾನದ 235ನೆಯ ವಿಧಿಯಂತೆ ಹೈಕೋರ್ಟಿನ ಕೈಯಲ್ಲಿದೆ, ಮಂತ್ರಿಗಳ ಕೈಯಲ್ಲಲ್ಲ. ಅದು ಒಳ್ಳೆಯದೇ.

ಆದರೆ ನಮ್ಮ ಲೆಕ್ಕ ಬೇರೆ. ಇಲ್ಲಿ ವರ್ಗವೆಂದರೆ ವರ್ಗಾವಣೆ ಮಾತ್ರವಲ್ಲ, ಜಮೀನೂ ಹೌದು! 1956ರ ನವೆಂಬರ್ 1ರವರೆಗೆ ಈ ತಾಲೂಕು ದಕ್ಷಿಣ ಕನ್ನಡದಲ್ಲಿತ್ತು. ಅಜ್ಜಂದಿರ ಕಾಲದ ದಸ್ತಾವೇಜುಗಳು ಎಷ್ಟೋ ಕನ್ನಡದಲ್ಲಿವೆ. ವರ್ಗ, ಕುಮ್ಕಿ ಎಂಬ ಮಾತು ತೆಂಕಣಿಂದ ಬಂದವರಿಗೆ ಹೊಸತು. ಕಲಿಯುತ್ತಾರೆ. ಕಲಿಯುವ ಹೊತ್ತಿಗೆ ಮತ್ತೆ ವರ್ಗ. ಗಡಿ ತಕರಾರಿನಲ್ಲಿ ಮುದುಕರೊಬ್ಬರು 'ಅಗಳಿನಿಂದ ಈಚೆ ನನ್ನದು' ಎಂದರೆ ಆ 'ಈಚೆ' ಅನುವಾದದಲ್ಲಿ 'ಆಚೆ' ಆಗಬಾರದಲ್ಲ?

ಕ್ರಿಮಿನಲ್ ಕೇಸಿನ ಮಟ್ಟಿಗೆ ಒಂದು ಮಾತು ತಿಳಿದಿರಲಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312ನೆಯ ಕಲಮಿನಂತೆ, ಸಾಕ್ಷಿ ಕನ್ನಡದಲ್ಲಿ ಹೇಳಿದ್ದನ್ನು ಸಾಧ್ಯವಿದ್ದರೆ ಕನ್ನಡದಲ್ಲೇ ಬರೆದುಕೊಳ್ಳಬಹುದು. ಇಲ್ಲವಾದರೆ ವಿಚಾರಣೆ ನಡೆಯುತ್ತಿರುವಾಗಲೇ ಸರಿಯಾದ ಅನುವಾದವಾಗಿ ಅದಕ್ಕೆ ನ್ಯಾಯಾಧೀಶರ ಸಹಿ ಬೀಳಬೇಕು. ಆದ್ದರಿಂದ ಹರಕುಮುರುಕು ಮಲೆಯಾಳದಲ್ಲಿ ಉತ್ತರ ಕೊಡಲು ಹೋಗಬೇಡಿ. 'ಸ್ವಾಮೀ, ಕನ್ನಡದಲ್ಲಿ ಕೇಳಿಸಿ' ಎನ್ನಿ. ಬರೆದುಕೊಂಡದ್ದನ್ನು ಕನ್ನಡದಲ್ಲಿ ತಿಳಿಸಿ ಹೇಳಿದ ಮೇಲೆಯೇ ಸಹಿ ಹಾಕಿ.