ಗೊಂಬೆ ಇದೆ, ಕಪಾಟಿಲ್ಲ

ಶಿವಮೊಗ್ಗದ ಗೋಪಾಳದಿಂದ ಒಬ್ಬ ತಾಯಿ ಕೇಳಿದ್ದಾರೆ: "ಮಗನ ಹುಟ್ಟುಹಬ್ಬಕ್ಕೆ ಚನ್ನಪಟ್ಟಣದ ಗೊಂಬೆ ಕೊಡಿಸೋಣ ಅಂತ ದೊಡ್ಡ ಮಳಿಗೆಗೆ ಹೋದೆವು ಸರ್. ಗೋಡೆ ತುಂಬಾ ಕಾರು, ಗನ್ನು, ಕಾರ್ಟೂನ್ ಗೊಂಬೆ. ನಮ್ಮೂರಿನದು ಒಂದೂ ಇಲ್ಲ. ಯಾಕೆ?"

ಜನ ಕೇಳಲ್ಲ, ಅದಕ್ಕೇ ಇಡಲ್ಲ ಅಂತಾರೆ ಅಂಗಡಿಯವರು. ಅಲ್ಲ ಸ್ವಾಮಿ, ಕಣ್ಣಿಗೇ ಬೀಳದ್ದನ್ನು ಮಗು ಕೇಳೋದು ಹೇಗೆ?

ಸರಪಳಿ ಮಳಿಗೆಗಳಲ್ಲಿ ಯಾವ ಆಟಿಕೆ ಇಡಬೇಕು ಅನ್ನೋದನ್ನು ಸಾಮಾನ್ಯವಾಗಿ ಆ ಊರಿನ ಮ್ಯಾನೇಜರ್ ತೀರ್ಮಾನ ಮಾಡಲ್ಲ. ಮುಖ್ಯ ಕಚೇರಿಯ ಖರೀದಿ ವಿಭಾಗ ಮಾಡುತ್ತೆ. ಅವರ ಮುಂದೆ ಮಗು ಇರಲ್ಲ, ಲೆಕ್ಕದ ಹಾಳೆ ಇರುತ್ತೆ. ಒಂದು ಅಡಿ ಕಪಾಟಿನಿಂದ ತಿಂಗಳಿಗೆ ಎಷ್ಟು ದುಡ್ಡು ಹುಟ್ಟುತ್ತೆ? ಡಬ್ಬಿಗಳು ಒಂದರ ಮೇಲೊಂದು ನಿಲ್ಲುತ್ತವಾ? ಬಾರ್‌ಕೋಡ್ ಇದೆಯಾ? ಎಲ್ಲ ಶಾಖೆಗೂ ಒಂದೇ ಬಣ್ಣ, ಒಂದೇ ಅಳತೆಯ ಮಾಲು ಹೇಳಿದ ವಾರಕ್ಕೆ ಬರುತ್ತಾ? ಮಾರಾಟ ಆಗದಿದ್ದರೆ ವಾಪಸ್ ತಗೋತಾರಾ? ಹಣ ಎರಡು ಮೂರು ತಿಂಗಳು ತಡವಾದರೆ ತಡ್ಕೋತಾರಾ? ಇನ್ನು ಟಿವಿಯಲ್ಲಿ ಬರೋ ಕಾರ್ಟೂನ್ ಮುಖ ಡಬ್ಬಿ ಮೇಲಿದ್ದರೆ ಅರ್ಧ ವ್ಯಾಪಾರ ಮನೆಯಲ್ಲೇ ಮುಗಿದಿರುತ್ತೆ. ಹೌದು, ಇದರಲ್ಲಿ ನಮ್ಮ ಟಿವಿಯವರ ಪಾಲೂ ಇದೆ.

ಈಗ ಚನ್ನಪಟ್ಟಣಕ್ಕೆ ಬನ್ನಿ. ಹಾಲೆ ಮರದ ತುಂಡು ಲೇತ್ ಮೇಲೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗನ್ನು ಅದಕ್ಕೆ ಒತ್ತಿ ಹಿಡೀತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಕೂರುತ್ತೆ. ಬ್ರಶ್ಶಿಲ್ಲ, ಒಲೆಯಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇವತ್ತಿಗೂ ಇದು ಬೆರಗು. ಆದರೆ ಕೈಕೆಲಸ ನೋಡಿ, ಒಂದು ಗೊಂಬೆಯಂತೆ ಇನ್ನೊಂದು ಇರಲ್ಲ. ಮರ, ಅರಗಿಗೆ ದುಡ್ಡು ಸುರಿದವನು ಮೂರು ತಿಂಗಳು ಕಾಯೋದಾದ್ರೂ ಹೇಗೆ?

ಕಾನೂನು ಅಡ್ಡ ಇದೆಯಾ? ಇಲ್ಲ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಮಕ್ಕಳು ಬಾಯಿಗಿಟ್ಟುಕೊಳ್ಳೋ ವಸ್ತು, ಕಡ್ಡಾಯ ಆಗಲೇಬೇಕಿತ್ತು. ಆದರೆ ನೋಂದಾಯಿತ ಕುಶಲಕರ್ಮಿಗಳು ಮಾಡಿದ ಆಟಿಕೆಗೆ, ಜಿಐ ನೋಂದಣಿಯಡಿ ಅಧಿಕೃತವಾಗಿ ತಯಾರಾಗುವ ಆಟಿಕೆಗೆ ವಿನಾಯಿತಿ ಕೊಟ್ಟಿದ್ದಾರೆ. ಚನ್ನಪಟ್ಟಣಕ್ಕೆ ಜಿಐ ಇದೆ. ಸರ್ಕಾರ ಬಿಟ್ಟರೂ ಕಪಾಟು ಬಿಡ್ತಿಲ್ಲ.

ಇಷ್ಟು ವರ್ಷ ಇವರನ್ನು ಸಾಕಿದ್ದು ರಸ್ತೆ. ಬೆಂಗಳೂರಿನಿಂದ ಮೈಸೂರಿಗೆ ಹೋಗೋರು ಕಾರು ನಿಲ್ಲಿಸಿ ಗೊಂಬೆ ಕೊಳ್ತಿದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ಅದು ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುತ್ತೆ. ಹಳೇ ಹೆದ್ದಾರಿಯ ಅಂಗಡಿಗಳ ಮುಂದೆ ಗಿರಾಕಿ ಕಡಿಮೆಯಾದರು. ರಸ್ತೆ ಕೈಬಿಟ್ಟ ಮೇಲೆ ಇವರಿಗೆ ಬೇಕಿರೋದೇ ಆ ಕಪಾಟು.

2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಚಕ್ರಬಡ್ಡಿ. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಯಾರು ಕೊಡ್ತಾರೆ? ಹಾಗಾಗಿ ಕೈಗಾರಿಕಾ ಇಲಾಖೆಗೆ ನನ್ನದೊಂದು ಪ್ರಶ್ನೆ. ಈ ಕುಶಲಕರ್ಮಿಗಳ ಮಾಲನ್ನು ಸರ್ಕಾರಿ ಕರಕುಶಲ ನಿಗಮವೇ ನಗದು ಕೊಟ್ಟು ಕೊಂಡು, ಬಾರ್‌ಕೋಡ್ ಹಾಕಿ, ಡಬ್ಬಿ ಕಟ್ಟಿ ಮಳಿಗೆಗಳಿಗೆ ಕಳಿಸಬಾರದಾ? ಮೂರು ತಿಂಗಳು ಕಾಯೋ ತಾಕತ್ತು ನಿಗಮಕ್ಕಿದೆ. ಉತ್ತರ ಬಂದರೆ ಇದೇ ಹೊತ್ತಿಗೆ ನಿಮ್ಮ ಮುಂದೆ ಓದ್ತೀನಿ.