ಹೊಸ ಕೈಗೆ ಹಾಲು ಕರೆಯಲು ಕಲಿಸುವುದು



ಮನೆಯ ಮಗನಿಗೋ ಸೊಸೆಗೋ ಹಾಲು ಕರೆಯಲು ಕಲಿಸುವ ದಿನ ಕೊಟ್ಟಿಗೆಯಲ್ಲಿ ಏನಾಗುತ್ತದೆ, ಜ್ಞಾಪಿಸಿಕೊಳ್ಳಿ. “ಹೆಬ್ಬೆರಳು ಮಡಚಬೇಡವೋ! ಮೊಣಕೈ ಸಡಿಲ ಬಿಡು! ಅಯ್ಯೋ, ಕೆಳಕ್ಕೆ ಎಳೀಬೇಡ!” ಎಂದು ಬೆನ್ನ ಹಿಂದೆ ನಿಂತು ಒಂದೇ ಸಮನೆ ಹೇಳುತ್ತೇವೆ. ಹೇಳಿದಷ್ಟೂ ಹುಡುಗನ ಕೈ ಕೊರಡಾಗುತ್ತದೆ. ಹಸು ಕಾಲು ಝಾಡಿಸುತ್ತದೆ. “ನಿನ್ನ ಕೈಲಿ ಆಗೋದಲ್ಲ, ಏಳು” ಎಂದು ನಾವೇ ಕೂರುತ್ತೇವೆ. ಅಲ್ಲಿಗೆ ಪಾಠ ಮುಗಿಯಿತು!

ನಷ್ಟ ಹುಡುಗನಿಗೆ ಮಾತ್ರವಲ್ಲ. ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಸೇರಿ ಹಾಲು ಇಳಿಯುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ; ಸುಮಾರು 5ರಿಂದ 7 ನಿಮಿಷವೆಂದು ಇಟ್ಟುಕೊಳ್ಳಿ. ಗದರಿಕೆಗೆ ಹಸು ಬೆದರಿತೋ, ಹಾಲು ಮೇಲೇ ನಿಲ್ಲುತ್ತದೆ. ದಿನವೂ ಹೀಗೆ ಉಳಿಯುತ್ತಿದ್ದರೆ ಕರಾವು ಕುಗ್ಗುತ್ತದೆ. ಹೆಬ್ಬೆರಳು ಮಡಚಿ ಹಿಂಡಿದರೆ ಮೊಲೆಗೆ ನೋವಾಗಿ ಕೆಚ್ಚಲು ಬಾವಿಗೂ ದಾರಿ.

ಹಾಗಾದರೆ ಕಲಿಸುವುದು ಹೇಗೆ? ಮೊದಲು ಹಸುವಿನ ಹತ್ತಿರ ಬೇಡವೇ ಬೇಡ. ಒಂದು ರಬ್ಬರ್ ಕೈಗವಸಿಗೆ ನೀರು ತುಂಬಿ, ಬಾಯಿ ಕಟ್ಟಿ ತೂಗುಹಾಕಿ. ಬೆರಳುಗಳ ತುದಿಗೆ ಸೂಜಿಯಿಂದ ತೂತು ಮಾಡಿ. ಹೆಬ್ಬೆರಳು ತೋರುಬೆರಳುಗಳಿಂದ ಮೇಲೆ ಬಿಗಿಹಿಡಿದು, ಉಳಿದ ಬೆರಳುಗಳನ್ನು ಒಂದಾದ ಮೇಲೊಂದು ಒತ್ತುವುದನ್ನು ಒಮ್ಮೆ ನಿಧಾನವಾಗಿ ಮಾಡಿ ತೋರಿಸಿ. ಆಮೇಲೆ ಸುಮ್ಮನಿರಿ. ಇದೇ ಕಷ್ಟದ ಕೆಲಸ ನೋಡಿ!

ಹೇಳಲೇಬೇಕಾದರೆ ಬೆರಳಿನ ಮಾತೆತ್ತದೆ, “ಧಾರೆ ಪಾತ್ರೆಯ ನಡುವಿಗೆ ಬೀಳಲಿ, ‘ಸೊರ್ ಸೊರ್’ ಸದ್ದು ಒಂದೇ ಸಮ ಬರಲಿ” ಎನ್ನಿ. ಗಮನ ಸದ್ದಿಗೆ ಹೋದರೆ ಬೆರಳು ತನ್ನ ಹದ ತಾನೇ ಹುಡುಕಿಕೊಳ್ಳುತ್ತದೆ. ಇದು ಬರೀ ಕೊಟ್ಟಿಗೆಯ ಊಹೆಯಲ್ಲ. 1998ರಲ್ಲಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಹಿಮದ ಮೇಲೆ ಜಾರುವ ಆಟವನ್ನು ಕಲಿಯುವ ಯಂತ್ರದ ಮೇಲೆ ಜನರನ್ನು ನಿಲ್ಲಿಸಿ, ಕೆಲವರಿಗೆ ‘ನಿಮ್ಮ ಪಾದದ ಕಡೆ ಗಮನ ಕೊಡಿ’ ಎಂದರು. ಕೆಲವರಿಗೆ ‘ಪಾದದಡಿಯ ಗಾಲಿಯ ಕಡೆ ಗಮನ ಕೊಡಿ’ ಎಂದರು. ಗಾಲಿಯನ್ನು ಗಮನಿಸಿದವರೇ ಚೆನ್ನಾಗಿ ಕಲಿತರು. ಪಾದಕ್ಕೂ ಗಾಲಿಗೂ ಅಂತರ ಎಷ್ಟು ಮಹಾ, ಹೇಳಿ?

ಅದೇ ವುಲ್ಫ್ ಅವರು ರೆಬೆಕಾ ಲೆತ್‌ವೇಟ್ ಅವರೊಡನೆ 2016ರಲ್ಲಿ ಇನ್ನೆರಡು ಮಾತು ಕೂಡಿಸಿದರು: ‘ನನ್ನಿಂದಾಗುತ್ತದೆ’ ಎಂಬ ಧೈರ್ಯ, ಮತ್ತು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ. ಆದ್ದರಿಂದ ಯಾವ ಹೊತ್ತು ಕೂರಬೇಕು, ಮುಂದಿನ ಮೊಲೆಯೋ ಹಿಂದಿನದೋ, ಕಲಿಯುವವರೇ ಹೇಳಲಿ. ಹಸುವನ್ನು ಮಾತ್ರ ನೀವು ಆರಿಸಿ. ಮೂರು ನಾಲ್ಕು ಸೂಲಾದ ಸಾಧು ಹಸುವಾಗಲಿ, ಕಡಸು ಬೇಡ. ಮೊದಲ ವಾರ ಒಂದೆರಡು ನಿಮಿಷ ಅವರು ಕರೆದರೆ ಸಾಕು. “ಇವತ್ತು ಸದ್ದು ಚೆನ್ನಾಗಿ ಬಂತು” ಎಂದು ಹೇಳಿ, ಉಳಿದದ್ದನ್ನು ನೀವು ಬೇಗನೆ ಕರೆದುಬಿಡಿ. ಎಷ್ಟು ಉಳಿದಿತ್ತೆಂದು ಪಾತ್ರೆ ಎತ್ತಿ ತೋರಿಸುವ ಗೋಜಿಗೆ ಹೋಗಬೇಡಿ.